ಪಾಂಜಕಡವಿನ ಗಡಂಗು ಮತ್ತು ಹತ್ತೊಂಬತ್ತು ದಿನದ ಧಣಿ

ಕುವೈತಿನಲ್ಲಿ ಶೇಂದಿ, ಸಾರಾಯಿ, ಬಿಯರು ಯಾವುದೂ ಇಲ್ಲ. ಕದ್ದುಮುಚ್ಚಿ ತಂದು ಸಿಕ್ಕಿಬಿದ್ದವನು ಊರಿಗೆ ಹೋಗುತ್ತಾನೆ, ಮತ್ತೆ ತಿರುಗಿ ಬರುವುದಿಲ್ಲ. ಅಂಥ ದೇಶದಲ್ಲಿ ಕೂತು ಡೋಲ್ಫಿ ಮೆಂಡೋನ್ಸಾ ಇಪ್ಪತ್ತೇಳು ವರ್ಷ ಒಂದು ಹೆಂಡದಂಗಡಿಯ ಹೆಸರು ಹೇಳಿಕೊಂಡು ಮರ್ಯಾದೆ ಸಂಪಾದಿಸಿದ್ದ.

ಆ ಅಂಗಡಿ ಇದ್ದದ್ದು ಅವನ ಊರಾದ ಪಾಂಜಕಡವಿನಲ್ಲಿ, ಹೊಳೆ ದಾಟುವ ಜಾಗದ ಪಕ್ಕ. ನಮ್ಮ ಕರಾವಳಿಯವರು ಅಂಥ ಅಂಗಡಿಗೆ ಗಡಂಗು ಎನ್ನುತ್ತಾರೆ. ಅದರ ಧಣಿ ತನ್ನ ಅಜ್ಜ ಸಾಲ್ವದೋರ್ ಎಂದು ಡೋಲ್ಫಿ ಹೇಳುತ್ತಿದ್ದ. ಪ್ರತಿ ಫೆಬ್ರವರಿಯಲ್ಲಿ ಪಾಂಜಕಡವು ಬಳಗದವರು ಪಿಕ್‌ನಿಕ್ಕಿಗೆ ಸೇರಿದಾಗ, ಊಟದ ನಂತರ ಯಾರಾದರೊಬ್ಬರು "ಡೋಲ್ಫಿ, ಆ ಹಂಡೆಯ ಕಥೆ ಹೇಳು ಮಾರಾಯ" ಎನ್ನಲೇಬೇಕು. ಡೋಲ್ಫಿ ಮೊದಲು ಬೇಡ ಬೇಡ ಎನ್ನುತ್ತಿದ್ದ. ಹಾಗೆನ್ನುವಾಗಲೇ ಎದ್ದು ನಿಂತಿರುತ್ತಿದ್ದ.

ಕಥೆ ಇಷ್ಟೇ. ಒಂದು ದಿನ ಒಬ್ಬ ಕುಡುಕ ಹೆಂಡತಿಯ ತಾಮ್ರದ ಹಂಡೆಯನ್ನು ತಂದು ಗಡಂಗಿನಲ್ಲಿಟ್ಟು, ಇದನ್ನು ಇಟ್ಟುಕೊಂಡು ಕುಡಿಯಲು ಕೊಡಿ ಎಂದ. ಅಜ್ಜ ಸಾಲ್ವದೋರ್ ಎದ್ದ. ಆರಡಿ ಎತ್ತರದ ಆಳು. ಏನೂ ಮಾತಾಡದೆ ಹಂಡೆಯನ್ನೆತ್ತಿ ಆ ಕುಡುಕನ ತಲೆಯ ಮೇಲೇ ಇಟ್ಟ. ಕೈ ಹಿಡಿದು ಗದ್ದೆಯ ಹುಣಿಯ ಮೇಲೆ ಊರೆಲ್ಲ ನೋಡುವ ಹಾಗೆ ಅವನ ಮನೆಯವರೆಗೆ ನಡೆಸಿಕೊಂಡು ಹೋದ. ಹಂಡೆಯನ್ನು ಆ ಹೆಂಗಸಿನ ಅಂಗಳದಲ್ಲಿಳಿಸಿ, "ಅಕ್ಕಾ, ನಿನ್ನ ಹಂಡೆ ಇಲ್ಲಿದೆ, ನಿನ್ನ ಗಂಡನೂ ಇಲ್ಲಿದ್ದಾನೆ. ಎರಡನ್ನೂ ಎಣಿಸಿಕೊ" ಎಂದ. ಈ ಕಡೆಯ ಮಾತು ಡೋಲ್ಫಿಯೇ ಸೇರಿಸಿದ್ದು. ಹಂಡೆಯ ಗಾತ್ರವೂ ವರ್ಷದಿಂದ ವರ್ಷಕ್ಕೆ ಅವನ ಕೈಗಳ ನಡುವೆ ಬೆಳೆಯುತ್ತ ಹೋಗಿ, ಕಡೆಕಡೆಗೆ ಅದನ್ನು ಹೊರಲು ಕುಡುಕನೊಬ್ಬನಿಂದ ಸಾಧ್ಯವಿರಲಿಲ್ಲ.

ಅಮಲಿಲ್ಲದ ಮಾಲ್ಟಿನ ಡಬ್ಬಿ ಹಿಡಿದ ಗಂಡಸರು ಚಪ್ಪಾಳೆ ತಟ್ಟುತ್ತಿದ್ದರು. ಅವನಿಗೆ ಗಡಂಗು ಡೋಲ್ಫಿ ಎಂದೇ ಹೆಸರು ಬಿದ್ದಿತ್ತು. ತಮಾಷೆಯೆಂದರೆ ಡೋಲ್ಫಿ ಕುಡಿಯುವವನೇ ಅಲ್ಲ. ಅದರಲ್ಲಿ ತತ್ವವೇನೂ ಇರಲಿಲ್ಲ. ಊರಿನಲ್ಲಿ ತಂಗಿಯ ಮದುವೆಗೆ ಅರ್ಧ ಗ್ಲಾಸು ವೈನು ಕುಡಿದದ್ದಕ್ಕೆ ಕತ್ತಿನ ಸುತ್ತ ದದ್ದು ಎದ್ದು, ಆಲ್ಬಮ್ಮಿನಲ್ಲಿ ಅವನು ಮದುಮಗಳಿಗಿಂತ ಕೆಂಪಗೆ ಕಾಣುತ್ತಾನೆ.

ಅವನ ಉದ್ಯೋಗ ಕುವೈತಿನ ಜಾಬ್ರಿಯಾದ ಒಂದು ಖಾಸಗಿ ಕ್ಲಿನಿಕ್ಕಿನ ರೆಕಾರ್ಡ್ ರೂಮಿನಲ್ಲಿ. ರೋಗಿಗಳ ಫೈಲುಗಳನ್ನು ಜೋಡಿಸುವುದು, ಕೇಳಿದಾಗ ತೆಗೆದುಕೊಡುವುದು. ಅರ್ಧಕ್ಕರ್ಧ ಹೆಸರುಗಳು 'ಅಲ್' ಎಂದೇ ಶುರುವಾಗುವ ಊರಿನಲ್ಲಿ ಒಂದು ಫೈಲನ್ನೂ ತಪ್ಪು ಜಾಗದಲ್ಲಿ ಇಟ್ಟವನಲ್ಲ ಎಂಬ ಹೆಮ್ಮೆ ಅವನಿಗಿತ್ತು. ಪರರ ಪಿತ್ತಕೋಶದ ಚರಿತ್ರೆಯನ್ನು ತಾರೀಕು ಸಮೇತ ಹೇಳಬಲ್ಲ ಈ ಮನುಷ್ಯ ಸ್ವಂತ ಅಜ್ಜನ ಬಗ್ಗೆ ಒಂದು ಕಾಗದವನ್ನೂ ನೋಡಿರಲಿಲ್ಲ ಎಂಬುದು ಆಮೇಲೆ ಅವನಿಗೇ ನಗು ತರಿಸಿತು. ನಗು ಬರಲು ಸ್ವಲ್ಪ ದಿನ ಹಿಡಿಯಿತು, ಅಷ್ಟೆ.

ಕಥೆ ಹುಟ್ಟಿದ್ದು ಫರ್ವಾನಿಯಾದಲ್ಲಿ, ತೊಂಬತ್ತಾರರ ಚಳಿಗಾಲದಲ್ಲಿ. ಡೋಲ್ಫಿ ಆಗಷ್ಟೇ ಕುವೈತಿಗೆ ಬಂದಿದ್ದ. ಒಂದು ಫ್ಲ್ಯಾಟಿನಲ್ಲಿ ಎಂಟು ಜನ, ಒಂದು ಹೀಟರು, ಮಾತಾಡದೆ ಬೇರೆ ದಾರಿಯಿಲ್ಲ. ಒಬ್ಬನ ಮಾವ ಬಿಷಪ್ಪರ ಕಾರು ಓಡಿಸುತ್ತಿದ್ದ. ಇನ್ನೊಬ್ಬನ ಅಣ್ಣ ಜಿಲ್ಲಾ ಮಟ್ಟದಲ್ಲಿ ವಾಲಿಬಾಲ್ ಆಡಿದ್ದ. ಲತೀಶನ ಮನೆಯಲ್ಲಿ ಎರಡು ಬಾವಿ ಇದ್ದವು, ಅದನ್ನು ಅವನು ವಾರಕ್ಕೊಮ್ಮೆ ನೆನಪಿಸುತ್ತಿದ್ದ. ಹಾನಗಲ್ಲಿನ ಕಡೆಯ ಫಕೀರಪ್ಪನ ಸೋದರಮಾವ ಕುಸ್ತಿಯಲ್ಲಿ ಬೆಳ್ಳಿ ಗದೆ ಗೆದ್ದಿದ್ದ. ಡೋಲ್ಫಿಯ ಸರದಿ ಬಂದಾಗ ಅವನ ಹತ್ತಿರ ಏನೂ ಇರಲಿಲ್ಲ. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಅಪ್ಪ ಯಾವಾಗಲೋ ಒಮ್ಮೆ, "ನಿನ್ನ ಅಜ್ಜ ಕಡವಿನ ಗಡಂಗು ನೋಡಿಕೊಂಡಿದ್ದ" ಎಂದದ್ದು ನೆನಪಾಯಿತು. ಹಂಡೆ ಹೊರಿಸಿದ ಕಥೆ ಮನೆಯಲ್ಲಿ ಆಗಾಗ ಬರುತ್ತಿತ್ತು. ಹೊತ್ತವರು ಯಾರು, ಹೊರಿಸಿದವರು ಯಾರು ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಅಜ್ಜಿ ಮಾತ್ರ ಆ ಕಥೆ ಬಂದಾಗಲೆಲ್ಲ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಡೋಲ್ಫಿ ಎರಡನ್ನೂ ಜೋಡಿಸಿದ. 'ನೋಡಿಕೊಂಡಿದ್ದ' ಎಂಬುದು ಆ ರಾತ್ರಿಯೇ 'ಧಣಿ' ಆಯಿತು.

ಬೆಳ್ಳಿ ಗದೆಯ ಫಕೀರಪ್ಪನೇ ಮೊದಲು ಚಪ್ಪಾಳೆ ತಟ್ಟಿದವನು.

ಹೋದ ವರ್ಷ ಬಳಗಕ್ಕೆ ಇಪ್ಪತ್ತೈದು ತುಂಬಿತು. ಸ್ಮರಣ ಸಂಚಿಕೆ ತರುವುದೆಂದಾಯಿತು. ಅಧ್ಯಕ್ಷ ಕ್ಲೇಟನ್, ನಲವತ್ತರ ಹುಡುಗ, ಫೋನು ಮಾಡಿದ.

"ಡೋಲ್ಫಿ ಅಂಕಲ್, ಈ ಸಲ ಬಾಯಲ್ಲಿ ಹೇಳಿದ್ದು ಸಾಕು. ಬರೆದು ಕೊಡಿ. ಗಡಂಗಿನ ಹಿಸ್ಟರಿ, ನಾಲ್ಕು ಪೇಜು. ಯಾರೆಲ್ಲ ಧಣಿಗಳಿದ್ರು, ಎಂತ ಕಥೆ, ಎಲ್ಲ. ಊರಿನಲ್ಲಿ ಈಗ ಅದು ಬಿದ್ದುಹೋಗಿದೆ ಅಲ್ವಾ, ನಮ್ಮ ಮಕ್ಕಳಿಗೆ ಗೊತ್ತಾಗುವುದು ಬೇಡ್ವಾ?"

"ನಾನು ಬರೆಯುವುದು ಅಂದ್ರೆ..." ಎಂದು ಡೋಲ್ಫಿ ಎಳೆದ. ಅಷ್ಟರಲ್ಲೇ ಅವನು ತಲೆಬರಹ ಯೋಚಿಸಿಯಾಗಿತ್ತು.

ಎರಡು ವಾರ ಹೆಣಗಾಡಿ ಮೂರೂವರೆ ಪುಟ ಬರೆದ. ಹಂಡೆಯ ಕಥೆಗೇ ಮೂರು ಪುಟ ಹೋಯಿತು. ಉಳಿದ ಅರ್ಧ ಪುಟದಲ್ಲಿ ಅಜ್ಜನ ಮೀಸೆಯಿತ್ತು. ಕನ್ನಡದಲ್ಲಿ ಟೈಪು ಮಾಡುವವನೆಂದರೆ ಫಕೀರಪ್ಪ. ಮೀನಾ ಅಬ್ದುಲ್ಲಾದ ಒಂದು ಗುತ್ತಿಗೆ ಕಂಪನಿಯಲ್ಲಿ ಪೈಪುಗಳ ವೆಲ್ಡಿಂಗ್ ಪರೀಕ್ಷಿಸುವ ಟೆಕ್ನಿಶಿಯನ್ ಅವನು. ರಜೆಯ ದಿನ ಎಲ್ಲ ಊರಿನ ಸಂಘಗಳಿಗೂ ಪುಕ್ಕಟೆ ಟೈಪು ಮಾಡಿಕೊಡುತ್ತಿದ್ದ. ವೆಲ್ಡಿಂಗ್ ನೋಡಿ ನೋಡಿ ಅವನಿಗೆ ಬಿರುಕು ಹುಡುಕುವ ಚಾಳಿ ಅಂಟಿಕೊಂಡಿತ್ತು. ಹಾಳೆಗಳನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟ.

"ಡೋಲ್ಫಿ ಭಾಯಿ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ. ಈ ಗಡಂಗ ಚಾಲೂ ಆಗಿದ್ದು ಯಾವ ಇಸ್ವಿ?"

"ಬ್ರಿಟಿಷರ ಕಾಲ."

"ಅಂದ್ರ?"

"ಅಂದ್ರೆ ಅವರು ಹೋಗುವ ಮೊದಲು."

"ನಿಮ್ಮಜ್ಜನ ಮುಂಚೆ ಯಾರ ಕಡೆ ಇತ್ತು? ಆಮ್ಯಾಲೆ ಯಾರ್ ತೊಗೊಂಡ್ರು? ಇಷ್ಟ್ ದೊಡ್ಡ ಧಣಿ ಇದ್ದಾಂವ, ನಿಮ್ಮಪ್ಪ ಯಾಕ ಸೈಕಲ್ಲಿಗೆ ಪಂಚರ್ ಹಾಕ್ಕೋತ ಕುಂತಿದ್ದ?"

ಇಪ್ಪತ್ತೇಳು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ಡೋಲ್ಫಿಯೂ ಕೇಳಿಕೊಂಡಿರಲಿಲ್ಲ.

"ಹೆಡ್ಡಿಂಗ್ ನೋಡಿದ್ರ 'ಇತಿಹಾಸ' ಅಂತ ಐತಿ," ಎಂದ ಫಕೀರಪ್ಪ. "ಒಳಗ ಒಂದೂ ಇಸ್ವಿ ಇಲ್ಲ. ಬರೇ ಹಂಡೆ ಐತಿ. ಯಾರರ ಹಳೇ ಮಂದೀನ ಕೇಳ್ಕೊಂಡ್ ಬಾರೋ ಮಾರಾಯಾ."

ಪಾಂಜಕಡವಿನ ಹಳೆಯ ತಲೆ ಕುವೈತಿನಲ್ಲಿ ಒಂದೇ ಉಳಿದಿತ್ತು: ವೈಲೆಟ್ ಬಾಯಿ. ಎಪ್ಪತ್ತರ ದಶಕದಲ್ಲಿ ನರ್ಸಾಗಿ ಬಂದು, ಮೂವತ್ತೇಳು ವರ್ಷ ದುಡಿದು ನಿವೃತ್ತಿಯಾಗಿ, ಗಂಡ ತೀರಿಕೊಂಡ ಮೇಲೆ ಮಗಳು ನತಾಶಾಳ ಜೊತೆ ಜಾಬ್ರಿಯಾದಲ್ಲಿದ್ದರು. ವಯಸ್ಸು ಎಪ್ಪತ್ತೊಂಬತ್ತು. ಬಳಗದ ಕಾಲುಭಾಗದವರಿಗೆ ಕ್ಲಿನಿಕ್ಕುಗಳಲ್ಲಿ ಕೆಲಸ ಹುಡುಕಿಕೊಟ್ಟವರು ಅವರೇ, ಡೋಲ್ಫಿಗೂ. ಮಾತು ಬಹಳ ಕಡಿಮೆ. ಪಿಕ್‌ನಿಕ್ಕಿನಲ್ಲಿ ಡೋಲ್ಫಿ ಕಥೆ ಶುರು ಮಾಡಿದ ಕೂಡಲೇ ತಮ್ಮ ಕುರ್ಚಿಯನ್ನು ಎದುರಿಗೆ ಎಳೆಸಿಕೊಂಡು ಕೂರುತ್ತಿದ್ದರು. ತನಗೆ ಇದಕ್ಕಿಂತ ದೊಡ್ಡ ಅಭಿಮಾನಿ ಇಲ್ಲ ಎಂದು ಡೋಲ್ಫಿ ನಂಬಿದ್ದ.

ಒಂದು ಶುಕ್ರವಾರ, ಅಲ್ಲಿನ ರಜೆಯ ದಿನ, ಚರ್ಚಿನ ಪೂಜೆ ಮುಗಿಸಿಕೊಂಡು ಅವರ ಮನೆಗೆ ಹೋದ. ಒಂದು ನೋಟುಪುಸ್ತಕ, ಎರಡು ಪೆನ್ನು, ಒಂದು ಕೇಕು.

"ಬಾ ಪುತಾ, ಕೂತ್ಕೊ," ಎಂದರು ಬಾಯಿ ಕೊಂಕಣಿಯಲ್ಲಿ. ನತಾಶಾ ಚಹಾ ಮಾಡಲು ಅಡುಗೆಮನೆಗೆ ಹೋದಳು. ಡೋಲ್ಫಿ ಬಂದ ವಿಷಯ ಹೇಳಿದ. ಬಾಯಿ ಅವನ ಹಾಳೆಗಳನ್ನು ಭೂತಗನ್ನಡಿ ಹಿಡಿದು ಪೂರ್ತಿ ಓದಿದರು. ಓದಿ ಮಡಿಲಲ್ಲಿಟ್ಟುಕೊಂಡರು.

"ಈ ಹಂಡೆ ಎಷ್ಟು ದೊಡ್ಡದು?"

ಡೋಲ್ಫಿ ಎರಡೂ ಕೈ ಅಗಲಿಸಿದ.

"ಅಷ್ಟಿಲ್ಲ. ಅದು ಹಂಡೆಯೇ ಅಲ್ಲ. ನೀರು ತರುವ ಕೊಡಪಾನ. ಹೊಟ್ಟೆಯ ಹತ್ತಿರ ಒಂದು ತಗ್ಗಿತ್ತು."

"ನಿಮಗೆ ಹೇಗೆ ಗೊತ್ತು ಬಾಯಿ?"

"ನಾನು ಹಿಂದೆ ನಡೆದುಕೊಂಡು ಹೋಗಿದ್ದೆ. ಎರಡನೇ ಕ್ಲಾಸಿನಲ್ಲಿದ್ದೆ."

ಡೋಲ್ಫಿಗೆ ಖುಷಿಯೋ ಖುಷಿ. ಕಣ್ಣಾರೆ ಕಂಡ ಸಾಕ್ಷಿಯೇ ಸಿಕ್ಕಿತಲ್ಲ! ಪೆನ್ನು ತೆಗೆದು, "ಹಾಗಾದರೆ ಅಜ್ಜ ಹೊರಿಸಿದ್ದನ್ನು ನೀವು..." ಎಂದ.

"ಹೊರಿಸಿದ್ದು ನಿನ್ನ ಅಜ್ಜ ಅಲ್ಲ ಪುತಾ," ಎಂದರು ವೈಲೆಟ್ ಬಾಯಿ. "ಹೊತ್ತದ್ದು ನಿನ್ನ ಅಜ್ಜ."

ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು. ಡೋಲ್ಫಿ, "ಹೊರಿಸಿದ್ದು ಯಾರು?" ಎಂದು ಕೇಳಿದ.

ಬಾಯಿ ಒಮ್ಮೆ ಅಡುಗೆಮನೆಯ ಕಡೆ ನೋಡಿದರು. "ನನ್ನ ಅಮ್ಮ," ಎಂದರು.

ಆಮೇಲೆ ಅವರು ಒಂದು ಗಂಟೆ ಮಾತಾಡಿದರು. ಅಷ್ಟು ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಗಡಂಗನ್ನು ಶುರು ಮಾಡಿದವನು ಕಿಟ್ಟ ಪೂಜಾರಿ. ಹೊಳೆಬದಿಯ ತೆಂಗುಗಳಿಂದ ತಾನೇ ಶೇಂದಿ ಇಳಿಸಿ, ಮಡಲಿನ ಚಪ್ಪರದಡಿ ದೋಣಿಗೆ ಕಾಯುವವರಿಗೆ ಮಾರುತ್ತಿದ್ದ. ಸರಕಾರದ ಸನ್ನದು, ಬೆಂಚು, ಹಂಚಿನ ಮಾಡು ಬಂದದ್ದು ಅವನ ಕೈಯಿಂದ ವೈಲೆಟ್ ಬಾಯಿಯ ತಂದೆ ಮಿಂಗೆಲ್ ತೆಗೆದುಕೊಂಡ ಮೇಲೆ, ನಲವತ್ತಾರರಲ್ಲಿ. ಐವತ್ತರಲ್ಲಿ ಮಿಂಗೆಲ್ ಹಾವು ಕಚ್ಚಿ ಸತ್ತ. ಮಗಳಿಗೆ ಆಗ ಐದು ವರ್ಷ. ಹೆಂಡತಿ ಕಾರ್ಮಿನ್ ಬಾಯಿ ಏಳನೇ ದಿನದ ಪೂಜೆ ಮುಗಿಸಿ ಬಂದು ಗಡಂಗಿನ ಬಾಗಿಲು ತೆಗೆದು, ಗಂಡ ಕೂರುತ್ತಿದ್ದ ಮರದ ಪೆಟ್ಟಿಗೆಯ ಮೇಲೆ ಕೂತಳು. ಸನ್ನದು ಮೈದುನನ ಹೆಸರಿನಲ್ಲಿ. ಅವನು ವರ್ಷಕ್ಕೊಮ್ಮೆ ಬಂದು ಸಹಿ ಹಾಕಿ, ಬೂತಾಯಿ ಮೀನಿನ ಫ್ರೈ ತಿಂದು ಹೋಗುತ್ತಿದ್ದ. ಮತ್ತೆ ಇಪ್ಪತ್ತೆರಡು ವರ್ಷ ಆ ಗಡಂಗಿಗೆ ಧಣಿ ಅವಳೇ.

"ಶಾಲೆ ಬಿಡುವ ಅರ್ಧ ಗಂಟೆ ಬಾಗಿಲು ಹಾಕುತ್ತಿದ್ದಳು," ಎಂದರು ವೈಲೆಟ್ ಬಾಯಿ. "ಮಕ್ಕಳು ದೋಣಿ ಇಳಿದು ಆ ದಾರಿಯಲ್ಲೇ ಮನೆಗೆ ಹೋಗಬೇಕಲ್ಲ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಒಮ್ಮೆ ಪಟೇಲರೇ ಬಂದು ಬಾಗಿಲು ತಟ್ಟಿದರು. 'ಮಕ್ಕಳು ದಾಟಲಿ, ಆಮೇಲೆ ಪಟೇಲರು' ಅಂದಳು."

"ಮತ್ತೆ ನನ್ನ ಅಜ್ಜ?"

"ದೋಣಿಯವನು."

ಅಪ್ಪ ಅದನ್ನು ಹೇಳಿರಲಿಲ್ಲ. ಅಪ್ಪನಿಗೂ ಹೇಳಿಕೊಳ್ಳುವಂಥದ್ದು ಅನ್ನಿಸಿರಲಿಕ್ಕಿಲ್ಲ.

"ಆದರೆ ಗಡಂಗು ನೋಡಿಕೊಂಡದ್ದು ಸುಳ್ಳಲ್ಲ," ಎಂದು ಬಾಯಿ ಸಮಾಧಾನ ಮಾಡಿದರು. "ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಟೈಫಾಯಿಡ್ ಬಂದು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಬೀಗದ ಕೈಯನ್ನು ನಿನ್ನ ಅಜ್ಜ, ನಮ್ಮ ಸಾಲು ಮಾಮನ ಹತ್ತಿರ ಕೊಟ್ಟಳು. ದೋಣಿಯಲ್ಲಿ ಯಾರು ಕೊಡೆ ಮರೆತರೂ ಮನೆಗೆ ತಂದುಕೊಡುವ ಜನ ಅವನು. ಅವನಷ್ಟು ಪ್ರಾಮಾಣಿಕ ಕಡವಿನಲ್ಲಿ ಬೇರೆ ಇರಲಿಲ್ಲ."

"ಎಷ್ಟು ಸಮಯ ನೋಡಿಕೊಂಡ?"

"ಹತ್ತೊಂಬತ್ತು ದಿನ."

ಹತ್ತೊಂಬತ್ತು ದಿನ! ವಿಸಿಟ್ ವೀಸಾ ಕೂಡ ಇದಕ್ಕಿಂತ ಉದ್ದ ಎಂದು ಡೋಲ್ಫಿಗೆ ಅನ್ನಿಸಿತು. ಆದರೂ ನೋಟುಪುಸ್ತಕದಲ್ಲಿ ಬರೆದುಕೊಂಡ. ಅಂಕಿಯ ಕೆಳಗೆ ಗೆರೆ ಎಳೆಯಲು ಮನಸ್ಸಾಗಲಿಲ್ಲ.

ಆ ಹತ್ತೊಂಬತ್ತು ದಿನಗಳಲ್ಲಿ ಸಾಲ್ವದೋರ್ ಒಂದೇ ಕಾನೂನು ಮಾಡಿದ್ದ: ಹಾಡು ಹೇಳಿದವನಿಗೆ ಪುಕ್ಕಟೆ. ಮೂರನೇ ದಿನಕ್ಕೆ ಇಡೀ ಪಾಂಜಕಡವು ಹಾಡುಗಾರರ ಊರಾಯಿತು. ಆಚೆ ದಡದವರು ದೋಣಿಗೆ ಕೂಗು ಹಾಕಿ ಹಾಕಿ ಸಾಕಾಗಿ, ಈಜಿಕೊಂಡು ಬಂದು ಅವರೂ ಹಾಡಿದರು. ಕಾರ್ಮಿನ್ ಬಾಯಿ ಗುಣವಾಗಿ ಬಂದಾಗ ಹನ್ನೆರಡು ಗ್ಲಾಸಿನಲ್ಲಿ ಎರಡು ಉಳಿದಿದ್ದವು. ಬೆಂಚಿಗೆ ಒಂದು ಕಾಲಿರಲಿಲ್ಲ. ಸಾಲ್ವದೋರ್ ಎದ್ದು ನಿಂತು ಬಹಳ ಗೌರವದಿಂದ ಬೀಗದ ಕೈ ಒಪ್ಪಿಸಿದ. ಅದೊಂದು ಕಳೆದಿರಲಿಲ್ಲ. "ಇನ್ನು ನೀನು ದೋಣಿ ನೋಡಿಕೊ ಸಾಲು," ಎಂದಳಂತೆ ಅವಳು. ಅದಕ್ಕಿಂತ ಹೆಚ್ಚು ಏನೂ ಅನ್ನಲಿಲ್ಲ.

ಆದರೆ ಪುಕ್ಕಟೆಯ ರುಚಿ ಹತ್ತಿದವನಿಗೆ ಅಭ್ಯಾಸ ಬಿಡುವುದು ಸುಲಭವೇ? ಮಾರನೇ ವರ್ಷ ಒಂದು ಮಧ್ಯಾಹ್ನ ಹೆಂಡತಿಯ ಕೊಡಪಾನ ಹಿಡಿದುಕೊಂಡು ಬಂದ. ಮುಂದಿನದು ಡೋಲ್ಫಿಗೆ ಬಾಯಿಪಾಠ. ಪಾತ್ರಗಳನ್ನು ಅದಲುಬದಲು ಮಾಡಿಕೊಂಡರೆ ಸಾಕಿತ್ತು.

"ಆಮೇಲೆ ಕುಡಿಯುವುದನ್ನು ಬಿಟ್ಟನಾ?"

"ಇಲ್ಲ. ಕಡಿಮೆ ಮಾಡಿದ."

ಡೋಲ್ಫಿ ತಲೆ ತಗ್ಗಿಸಿ ಕೂತ. ಕತ್ತು ಬಿಸಿಯಾಗುತ್ತಿತ್ತು. ವೈನು ಕುಡಿಯದೆಯೂ ದದ್ದು ಏಳಬಹುದೆಂದು ಅವನಿಗೆ ಆವತ್ತು ಗೊತ್ತಾಯಿತು. "ಬಾಯಿ, ಇಷ್ಟು ವರ್ಷ ನಾನು ನಿಮ್ಮ ಎದುರೇ ನಿಂತುಕೊಂಡು... ನೀವು ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳಲಿ? ನರ್ಸಿಂಗ್ ಸ್ಕೂಲಿನ ಅರ್ಜಿಯಲ್ಲಿ ತಾಯಿಯ ಉದ್ಯೋಗ ಏನು ಅಂತ ಕೇಳಿದ್ದರು. ಹೊಲಿಗೆ ಅಂತ ಬರೆದೆ. ಒಮ್ಮೆ ಬರೆದ ಮೇಲೆ ಎಲ್ಲ ಕಡೆ ಅದೇ ಬರೆಯಬೇಕಾಯಿತು. ನನಗೆ ಸಂಬಂಧ ನೋಡುವಾಗ ಅಮ್ಮ ಗಡಂಗನ್ನು ಸಂಜೀವ ಶೆಟ್ಟರಿಗೆ ಕೊಟ್ಟು, ಊರು ಬಿಟ್ಟು ತಮ್ಮನ ಮನೆಗೆ ಹೋದಳು. ನಾನು ಹೋಗು ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ." ಬಾಯಿ ಕನ್ನಡಕ ತೆಗೆದು ಸೀರೆಯ ಅಂಚಿನಲ್ಲಿ ಒರೆಸಿದರು. "ನಮ್ಮವರು ಒಮ್ಮೆ ಅತ್ತೆಯ ಹತ್ತಿರ ಒಂದು ಕೋಟು ಹೊಲಿಸಿಕೊಳ್ಳಬೇಕು ಅಂತ ಬಟ್ಟೆ ತೆಗೆದುಕೊಂಡು ಹೋಗಿದ್ದರು. ಅಮ್ಮ ಕೈನೋವು ಅಂದಳು. ಆ ಬಟ್ಟೆಯನ್ನು ಸಾಯುವವರೆಗೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು."

ಡೋಲ್ಫಿ ನೋಟುಪುಸ್ತಕ ಮುಚ್ಚಿದ.

"ಕುವೈತಿನಲ್ಲಿ ನಿನ್ನ ಕಥೆ ಮೊದಲ ಸಲ ಕೇಳಿದಾಗ ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಇವನ ಬಾಯಲ್ಲಾದರೂ ಬರಲಿ. ವರ್ಷಕ್ಕೊಂದು ಸಲ ಅಮ್ಮನನ್ನು ನೋಡಿದ ಹಾಗಾಗುತ್ತದೆ. ನೀನು ಅವಳಿಗೊಂದು ಮೀಸೆ ಇಟ್ಟಿದ್ದೆ, ಅಷ್ಟೆ."

ಬಾಗಿಲಲ್ಲಿ ಟ್ರೇ ಹಿಡಿದು ನತಾಶಾ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ, ಚಹಾದ ಮೇಲೆ ಕೆನೆ ಕಟ್ಟಿತ್ತು. "ಮಮ್ಮಿ," ಎಂದಳು, "ನೀನು ನನಗೆ ಅಜ್ಜಿಯ ಹೊಲಿಗೆ ಮೆಷಿನ್ನಿನ ಫೋಟೋ ಕೂಡ ತೋರಿಸಿದ್ದೀ."

"ಅದು ನರ್ಸಿಂಗ್ ಹಾಸ್ಟೆಲಿನದ್ದು," ಎಂದರು ವೈಲೆಟ್ ಬಾಯಿ.

ತಾಯಿ ಮಗಳು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಉಳಿದದ್ದನ್ನು ಕಂಡು ಡೋಲ್ಫಿ ಮೆಲ್ಲಗೆ ಎದ್ದ. ಹೊರಡುವಾಗ ಬಾಯಿ ಅವನ ಮೊಣಕೈ ಹಿಡಿದರು. "ಅಮ್ಮನ ಹೆಸರು ಹಾಕು. ಕಾರ್ಮಿನ್ ಅಂತ ಸರಿಯಾಗಿ ಬರಿ. ಮಗಳು ಯಾರು ಅಂತ ಬರೆಯಬೇಡ."

ಮನೆಗೆ ಬಂದು ಹೆಂಡತಿ ನ್ಯಾನ್ಸಿಗೆ ಹೇಳಿದ. ಅವಳು ಮಂಚದ ಅಂಚಿಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಪಾಪ ಆ ಅಜ್ಜನಿಗೆ ಹತ್ತೊಂಬತ್ತು ದಿನವಾದರೂ ಒಂದು ಅಂಗಡಿ ಇತ್ತು. ನಿಮಗೆ ಅದೂ ಇಲ್ಲ." ಹನ್ನೊಂದನೇ ಕ್ಲಾಸಿನ ಮಗಳು ವೆಲಿಟಾ ಕೋಣೆಯಿಂದ ತಲೆ ಹಾಕಿ, "ವಾಟ್ ಹ್ಯಾಪನ್ಡ್ ಟು ಡ್ಯಾಡಾ?" ಎಂದಳು. "ಡ್ಯಾಡಾನ ಧಣಿತನ ಖಲಾಸ್," ಎಂದಳು ನ್ಯಾನ್ಸಿ.

ಡೋಲ್ಫಿ ಎರಡು ದಿನ ಬರೆದು ಬರೆದು ಹರಿದುಹಾಕಿದ. ಮೂರನೇ ದಿನ ಹೊಸ ಪ್ರತಿ ಬರೆದು ಫಕೀರಪ್ಪನಿಗೆ ಕೊಟ್ಟ. ಅದರಲ್ಲಿ 'ಕಾಲಕಾಲಕ್ಕೆ ಗಡಂಗಿನ ಆಡಳಿತದಲ್ಲಿ ಕಾರ್ಮಿನ್ ಬಾಯಿ, ಸಾಲ್ವದೋರ್ ಮೆಂಡೋನ್ಸಾ ಮೊದಲಾದ ಮಹನೀಯರು ಪಾಲ್ಗೊಂಡರು' ಎಂದಿತ್ತು. ಹಂಡೆಯ ಪ್ರಕರಣ 'ಒಬ್ಬ ಸ್ಥಳೀಯ ವ್ಯಕ್ತಿ'ಯ ಮೇಲೆ ಹೋಗಿತ್ತು.

ಫಕೀರಪ್ಪ ಓದಿದ. ಆಗಲೇ ಡೋಲ್ಫಿ ಅವನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿಯಾಗಿತ್ತು. ಅದೇ ತಪ್ಪಾಯಿತು.

"ಇದು ಇತಿಹಾಸ ಅಲ್ಲಪಾ, ಸರಕಾರಿ ಪ್ರೆಸ್‌ನೋಟ್ ಐತಿ," ಎಂದ. "ಸ್ಥಳೀಯ ವ್ಯಕ್ತಿ ಅಂತ. ಯಾರಂವ ಸ್ಥಳೀಯ ವ್ಯಕ್ತಿ? ಅಂವನ ಮೊಮ್ಮಗ ನನ್ನ ಮುಂದ ಕುಂತಾನ."

"ಮರ್ಯಾದೆ ಉಂಟಲ್ಲ ಮಾರಾಯ."

"ನೋಡು ಡೋಲ್ಫಿ, ನಾನೂ ಒಂದ್ ಹೇಳ್ತೀನಿ. ನಮ್ಮ ಸೋದರಮಾವಗ ಗದಾ ಗಿದಾ ಏನೂ ಬಂದಿಲ್ಲ. ಅಂವ ಕುಸ್ತಿ ಕಣಕ್ಕ ಮಣ್ಣು ಹದಾ ಮಾಡಾಂವ ಇದ್ದ. ಆ ಫ್ಲ್ಯಾಟಿನಾಗ ಎಲ್ಲಾರೂ ಏನೇನೋ ಹೇಳಾಕ ಹತ್ತಿದ್ರು, ನಾನೂ ಹೇಳಿದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲತೀಶನ ಮನೆಯಲ್ಲಿ ನಿಜವಾಗಿ ಎಷ್ಟು ಬಾವಿಗಳಿದ್ದವೋ ಎಂಬ ಪ್ರಶ್ನೆ ಇಬ್ಬರಿಗೂ ಒಟ್ಟಿಗೇ ಬಂದಿರಬೇಕು. ನಗಲು ಶುರು ಮಾಡಿದವರು ನಿಲ್ಲಿಸಲಾರದೆ ಹೋದರು. ನಗುತ್ತ ನಗುತ್ತಲೇ ಡೋಲ್ಫಿ ಪ್ರೆಸ್‌ನೋಟನ್ನು ಹರಿದು, ಅಲ್ಲೇ ಕೂತು ಹೇಳುತ್ತ ಹೋದ. ಫಕೀರಪ್ಪ ಟೈಪು ಮಾಡುತ್ತ ಹೋದ. ಈ ಸಲ ಪ್ರತಿ ಧಣಿಗೂ ಇಸವಿಯಿತ್ತು.

ಬೆಳ್ಳಿಹಬ್ಬ ನಡೆದದ್ದು ಅಬ್ಬಾಸಿಯಾದ ಒಂದು ಸಭಾಂಗಣದಲ್ಲಿ, ಮುನ್ನೂರು ಜನರ ಮುಂದೆ. ಸಂಚಿಕೆ ಬಿಡುಗಡೆಯಾದ ಮೇಲೆ ಕ್ಲೇಟನ್ ಮೈಕಿನಲ್ಲಿ, "ಈಗ ನಮ್ಮ ಗಡಂಗು ಡೋಲ್ಫಿ ಅಂಕಲ್" ಎಂದು ಕೂಗಿದ. ಶಿಳ್ಳೆ ಬಿದ್ದವು. ಡೋಲ್ಫಿ ಹಾಳೆಗಳನ್ನು ಎರಡು ಸಲ ತಿರುವಿ ನೋಡಿಕೊಂಡು ಎದ್ದ. ಇಷ್ಟು ವರ್ಷ ಸುಳ್ಳು ಹೇಳುವಾಗ ಒಮ್ಮೆಯೂ ಹಾಳೆ ಬೇಕಾಗಿರಲಿಲ್ಲವಲ್ಲ ಎಂದು ವೇದಿಕೆ ಹತ್ತುವಾಗಲೇ ಅನ್ನಿಸಿತು.

"ಮೊದಲಿಗೆ ಒಂದು ತಿದ್ದುಪಡಿ," ಎಂದು ಶುರು ಮಾಡಿದ. "ಇಪ್ಪತ್ತೇಳು ವರ್ಷಗಳಿಂದ ನಾನು ನಿಮಗೆ ಹೇಳಿಕೊಂಡು ಬಂದ ಕಥೆಯಲ್ಲಿ ಎಲ್ಲವೂ ನಿಜ. ತಲೆ ಮಾತ್ರ ಬೇರೆ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಕಿಟ್ಟ ಪೂಜಾರಿ, ಮಿಂಗೆಲ್, ಕಾರ್ಮಿನ್ ಬಾಯಿ ಎಂದು ಒಬ್ಬೊಬ್ಬರನ್ನೇ ಓದುತ್ತ ಬಂದ. "ನಡುವೆ ಹತ್ತೊಂಬತ್ತು ದಿನಗಳ ಮಟ್ಟಿಗೆ ಸಾಲ್ವದೋರ್ ಮೆಂಡೋನ್ಸಾ. ಇವರ ಆಡಳಿತದಲ್ಲಿ ಊರಿನಲ್ಲಿ ಸಂಗೀತ ಬೆಳೆಯಿತು, ಗ್ಲಾಸುಗಳು ಕಡಿಮೆಯಾದವು" ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೊಡಪಾನ ಅಜ್ಜನ ತಲೆಗೇರಿದಾಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಹಳೆಯ ಕಥೆಗೆ ಯಾವತ್ತೂ ಅಷ್ಟು ನಗು ಬಿದ್ದಿರಲಿಲ್ಲ. ಇಷ್ಟು ವರ್ಷ ತಪ್ಪು ಅಜ್ಜನನ್ನು ಮಾರುತ್ತಿದ್ದೆನಲ್ಲ ಎಂದು ಡೋಲ್ಫಿಗೆ ವೇದಿಕೆಯ ಮೇಲೇ ಸ್ವಲ್ಪ ಬೇಸರವಾಯಿತು.

ಶಾಲೆ ಬಿಡುವ ಹೊತ್ತಿಗೆ ಬಾಗಿಲು ಹಾಕುತ್ತಿದ್ದ ಕಾರ್ಮಿನ್ ಬಾಯಿಯ ವಿಷಯ ಓದುವಾಗ ನಗು ನಿಂತಿತು. 'ಅವಳಿಗೆ ಒಬ್ಬಳು ಮಗಳಿದ್ದಳು' ಎಂಬಲ್ಲಿಗೆ ಅವನ ಹಾಳೆ ಮುಗಿದಿತ್ತು. ಮಾತು ಕೊಟ್ಟಂತೆ ಅಲ್ಲಿಗೇ ನಿಲ್ಲಿಸಿ, ಮೈಕು ಕೊಡಲು ತಿರುಗಿದ.

"ಇದ್ದಳು ಅಲ್ಲ. ಇದ್ದಾಳೆ."

ಎರಡನೇ ಸಾಲಿನಲ್ಲಿ ವೈಲೆಟ್ ಬಾಯಿ ಊರುಗೋಲು ಹಿಡಿದು ಎದ್ದು ನಿಂತಿದ್ದರು. ಪಕ್ಕದಲ್ಲಿ ನತಾಶಾ ಅವರ ತೋಳು ಹಿಡಿದಿದ್ದಳು. ಕ್ಲೇಟನ್ ಓಡಿಹೋಗಿ ಮೈಕು ಕೊಟ್ಟ. ಬಾಯಿ ಅದನ್ನು ಥರ್ಮಾಮೀಟರಿನ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡರು.

"ನಾನು ಗಡಂಗಿನ ಕಾರ್ಮಿನಳ ಮಗಳು," ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೆಮ್ಮಲೂ ಇಲ್ಲ.

"ಡೋಲ್ಫಿ ಎಲ್ಲ ಸರಿ ಬರೆದಿದ್ದಾನೆ. ಒಂದು ಬಿಟ್ಟಿದ್ದಾನೆ, ಯಾಕೆಂದರೆ ನಾನು ಅವನಿಗೆ ಹೇಳಲಿಲ್ಲ. ನನ್ನ ಶಾಲೆ ಹೊಳೆಯ ಆಚೆಗಿತ್ತು. ಏಳು ವರ್ಷ, ದಿನಕ್ಕೆ ಎರಡು ಸಲ ಸಾಲು ಮಾಮ ನನ್ನನ್ನು ದಾಟಿಸಿದ. ಕುಡಿದ ದಿನವೂ ದೋಣಿ ನೇರ ಹೋಗುತ್ತಿತ್ತು. ದಡಕ್ಕೆ ಇಳಿದ ಮೇಲೆ ಅವನು ಸೊಟ್ಟ ನಡೆಯುತ್ತಿದ್ದ, ಅದು ಬೇರೆ. ಏಳನೇ ಕ್ಲಾಸಿನ ಪರೀಕ್ಷೆಯನ್ನು ಮುಂದೆ ಹಾಕಿ ಹಾಕಿ ಮಳೆಗಾಲಕ್ಕೆ ತಂದಿದ್ದರು. ಹೊಳೆ ಕೆಂಪಾಗಿ ತುಂಬಿ ಬಂದಿತ್ತು. ಯಾರ ಮನೆಯಲ್ಲೂ ಮಕ್ಕಳನ್ನು ಕಳಿಸಲಿಲ್ಲ. ಅಮ್ಮ ದಡದಲ್ಲಿ ನಿಂತು 'ಸಾಲು, ಇವಳು ಬರೆಯಬೇಕು' ಅಂದಳು. ಅವನು ಬೈರಾಸಿನಲ್ಲಿ ನನ್ನನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. 'ನೀನು ಮುಳುಗಿದರೆ ನಾನೂ ಮುಳುಗಬೇಕು, ತಿರುಗಿ ಬಂದು ನಿನ್ನ ಅಮ್ಮನಿಗೆ ಉತ್ತರ ಹೇಳಲು ನನ್ನಿಂದಾಗದು' ಅಂದ. ದಾಟಿಸಿದ. ಪರೀಕ್ಷೆ ಮುಗಿಯುವವರೆಗೆ ಶಾಲೆಯ ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲೇ ಕೂತಿದ್ದ. ಅವತ್ತು ಕುಡಿದಿರಲಿಲ್ಲ."

ಬಾಯಿ ಡೋಲ್ಫಿಯ ಕಡೆ ತಿರುಗಿದರು. "ನಿನ್ನ ಅಜ್ಜ ಧಣಿ ಅಲ್ಲ ಪುತಾ. ಅದರಿಂದ ಎಂತ ಆಯಿತು? ಯಲ್ಲಾ, ನಡೆಯಿರಿ, ಊಟ ತಣ್ಣಗಾಗುತ್ತದೆ." ಮೈಕನ್ನು ಕ್ಲೇಟನ್ನನ ಕೈಗಿಟ್ಟು ಕೂತುಬಿಟ್ಟರು.

ಚಪ್ಪಾಳೆ ಆಮೇಲೆ ಬಂತು, ಬಹಳ ಹೊತ್ತು ಬಂತು. ಡೋಲ್ಫಿ ವೇದಿಕೆಯ ಮೇಲೆ ನಿಂತೇ ಇದ್ದ. ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಕಡೆಗೆ ನ್ಯಾನ್ಸಿ ಮೆಟ್ಟಿಲವರೆಗೆ ಬಂದು, "ಇಳೀರಿ, ಬಿರಿಯಾನಿಗೆ ಕ್ಯೂ ಆಗ್ತಾ ಉಂಟು" ಎಂದು ಕೈಹಿಡಿದು ಇಳಿಸಿದಳು. ಕ್ಯೂನಲ್ಲಿ ಎಂದೂ ಮಾತಾಡಿಸದವರು ಅವನ ಬೆನ್ನು ತಟ್ಟಿದರು. ಒಬ್ಬರು ತಮ್ಮ ಅಜ್ಜಿ ಬೀಡಿ ಕಟ್ಟುತ್ತಿದ್ದಳೆಂದು ಹೇಳಿದರು. ಇನ್ನೊಬ್ಬರು ತಮ್ಮ ತಂದೆ ಬಂಗಲೆಯ ಅಡುಗೆಯವನೆಂದು. ಯಾರೂ ಕೇಳಿರಲಿಲ್ಲ, ತಾವಾಗಿಯೇ ಹೇಳಿಕೊಂಡರು. ನತಾಶಾ ತಾಯಿಗೆ ತಟ್ಟೆ ಒಯ್ಯುತ್ತ, "ಅಜ್ಜಿಯ ಬೂತಾಯಿ ಫ್ರೈಗೆ ಎಂತ ಹಾಕ್ತಿದ್ರು ಅಂತ ಮಮ್ಮಿ ಈಗ ಹೇಳ್ತಾ ಇದ್ದಾರೆ, ಇಷ್ಟು ವರ್ಷ ಅದೂ ಸೀಕ್ರೆಟ್" ಎಂದಳು.

ಕಾರಿನಲ್ಲಿ ವೆಲಿಟಾ ಬಹಳ ಹೊತ್ತು ಫೋನು ನೋಡಲಿಲ್ಲ. "ಡ್ಯಾಡಾ, ಡಿಡ್ ಹೀ ಹ್ಯಾವ್ ಎ ಲೈಫ್ ಜಾಕೆಟ್?" ಎಂದು ಕೇಳಿದಳು.

"ಇಲ್ಲ ಮಗಾ. ಬೈರಾಸು ಇತ್ತು."

"ಬೈರಾಸು ಅಂದ್ರೆ?"

ಅವಳು ಕನ್ನಡದಲ್ಲಿ ಕೇಳಿದ್ದನ್ನು ಡೋಲ್ಫಿ ಗಮನಿಸಿದ. ಹೇಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಹೇಳಲಿಲ್ಲ. ಬೈರಾಸು ಎಂದರೆ ಹೆಗಲ ಮೇಲೆ ಹಾಕುವ ತೆಳ್ಳಗಿನ ಟವೆಲು ಎಂದು ವಿವರಿಸಿದ. ಎಷ್ಟು ಉದ್ದ ಎಂದಳು. ಡೋಲ್ಫಿ ಅಭ್ಯಾಸಬಲದಿಂದ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಅಗಲಿಸಹೋದ. ನ್ಯಾನ್ಸಿ ಕಿರುಚಿದಳು. ಅವನು ಕೈ ವಾಪಸು ತೆಗೆದುಕೊಂಡು, ಕಾರನ್ನು ಲೇನಿನೊಳಗೆ ತಂದು, "ಸರಿಯಾಗಿ ಗೊತ್ತಿಲ್ಲ," ಎಂದ. "ಶುಕ್ರವಾರ ವೈಲೆಟ್ ಬಾಯಿಯನ್ನೇ ಕೇಳುವ."